ಸೌತ್ ಸಿ ಮನೆಗೆ ತಂತಿ ಬಂದದ್ದು

ನಮ್ಮ ಮನೆಯವರ ತಲೆಗೆ ಏನಾದರೂ ಹೊಕ್ಕಿತು ಅಂದರೆ ಇಂಥವು ನಡೀತಾನೇ ಇರ್ತವೆ. ನಾವಿರೋದು ಪರದೇಶದಲ್ಲಿ, ಸೌತ್ ಸಿ ಅನ್ನೋ ಬಡಾವಣೆಯಲ್ಲಿ. ಇವರು ಇಲ್ಲಿಯ ಔಷಧಿ ಕಾರ್ಖಾನೆಯಲ್ಲಿ ಮೆಷೀನ್ ನೋಡಿಕೊಳ್ಳೋರು, ಮನೆಗೆ ಬಂದರೂ ಕೈ ಸುಮ್ಮನಿರೋದಿಲ್ಲ. ಇಂಡಿಯಾದಲ್ಲಿ ಟೆಲಿಗ್ರಾಂ ನಿಂತುಹೋದ ವರ್ಷ ಮಗಳು ಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ಅದನ್ನೇ ಆರಿಸಿಕೊಂಡಳು. ಬರೀ ತಂತಿಯಲ್ಲಿ ಒಂದು ಪದ ಪಕ್ಕದ ಕೋಣೆ ಮುಟ್ಟಬೇಕು. ಮುಟ್ಟಿದರೆ ಮುಂದಿನ ಸುತ್ತು. ಹೋದ ವರ್ಷ ಅಪ್ಪ ಸಹಾಯ ಮಾಡಿದ ಜ್ವಾಲಾಮುಖಿ ಹೊಗೆ ಕೂಡ ಬಿಟ್ಟಿರಲಿಲ್ಲ. "ಅಪ್ಪಾ, ಪ್ಲೀಸ್, ಡೋಂಟ್ ಸ್ಪಾಯ್ಲ್ ಇಟ್" ಅಂದಳು.

ಗುಳ್ಳೆ

ಮೊದಮೊದಲು ಒಂದೊಂದು ಅಕ್ಷರಕ್ಕೂ ಒಂದೊಂದು ತಂತಿ ಇತ್ತಂತೆ. ತುದಿಗಳೆಲ್ಲ ನೀರಿನಲ್ಲಿ. ಯಾವುದಕ್ಕೆ ಕರೆಂಟ್ ಬಿಡ್ತಾರೋ ಅಲ್ಲಿ ಗುಳ್ಳೆ ಏಳುತ್ತೆ. ನನಗೂ ಕುತೂಹಲ, ಕೇಕ್ ಮಾಡೋ ಗಾಜಿನ ಪಾತ್ರೆ ಕೊಟ್ಟೆ. ಉಪ್ಪುನೀರು ಹಾಕಿ, ಹಾಲ್‌ನಿಂದ ಅಡುಗೆಮನೆಗೆ ತಂತಿ ಎಳೆದರು. ಟಿ ಹತ್ತಿರ ಗುಳ್ಳೆ, ಆಮೇಲೆ ಇ, ಆಮೇಲೆ ಎ. ಎಷ್ಟು ಚೆಂದ ಅಂತ ನೋಡ್ತಾ ನಿಂತೆ. ಸಾಹೇಬರಿಗೆ ಟೀ ಬೇಕಂತೆ. ಮನೆಯಲ್ಲಿ ಹಾಲಿರಲಿಲ್ಲ, ಅದನ್ನ ಹೇಳೋಕೆ ನನ್ನ ಕಡೆಯಿಂದ ತಂತಿಯೂ ಇರಲಿಲ್ಲ. ಅರ್ಧ ಗಂಟೆ ಕಾದರು, ಪಾಪ.

ನೆಲ

ಆಮೇಲಿನವರು ಅಷ್ಟೆಲ್ಲ ತಂತಿ ಬೇಡ, ಹೋಗೋಕೆ ಒಂದಿದ್ದರೆ ಸಾಕು, ಕರೆಂಟ್ ವಾಪಸು ಬರೋಕೆ ನೆಲವೇ ಆಗುತ್ತೆ ಅಂತ ಕಂಡುಕೊಂಡರಂತೆ. ನಾನು ನಂಬಲಿಲ್ಲ. ಇವರು ಅಂಗಳದ ಎರಡು ಮೂಲೆಯಲ್ಲಿ ಕಬ್ಬಿಣದ ಸರಳು ಹೂತರು. ಮಣ್ಣು ಒದ್ದೆಯಿದ್ದರೆ ಒಳ್ಳೇದು ಅಂತ ದಿನಾ ನೀರು ಹಾಕೋ ಕೆಲಸ ನನಗೆ ಬಿತ್ತು. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಏನು ನೆಟ್ಟಿದ್ದೀರಿ ಅಂತ ಕೇಳಿದರು. "ಕಬ್ಬಿಣ" ಅಂದೆ. "ಸವಾ", ಅಂದರೆ ಸರಿ, ಅಂತ ಒಳಗೆ ಹೋದರು. ಮಾರನೇ ದಿನ ಬಂದು, "ಇನ್ನೂ ಚಿಗುರಲಿಲ್ಲವಾ?" ಅಂದರು.

ಬಂತಾ?

ಪ್ರದರ್ಶನದ ದಿನ ಒಂದು ಕೋಣೆಯಲ್ಲಿ ಅಪ್ಪ-ಮಗಳು, ಪಕ್ಕದ ಕೋಣೆಯಲ್ಲಿ ನಾನು ಮತ್ತು ಟೀಚರ್. ಕಳಿಸಬೇಕಾದ ಪದವನ್ನು ಟೀಚರ್ ಮೊದಲೇ ಮಗಳಿಗೆ ಕೊಟ್ಟಿದ್ದರು. ನನ್ನೆದುರು ತಂತಿ ಸುತ್ತಿದ ಮೊಳೆ, ಮೇಲೊಂದು ತಗಡು, ಪಕ್ಕದಲ್ಲಿ ಉತ್ತರ ಕುಟ್ಟೋಕೆ ಒಂದು ಗುಂಡಿ. ಕಟ್, ಕಟ ಕಟ. ಚುಕ್ಕೆ-ಗೆರೆ ಬಾಯಿಪಾಠ ಮಾಡಿದ್ದೆ. "ಟ್ವಿಗಾ", ಅಂದರೆ ಇಲ್ಲಿಯವರ ಜಿರಾಫೆ, ಅಂತ ಬರೆದೆ. ಸರಿಯಾಗಿತ್ತು.

ಅಷ್ಟರಲ್ಲಿ ನನ್ನ ಮೊಬೈಲ್ ಬಡಕೊಂಡಿತು. ಇವರೇ. ಟೀಚರ್ ಮುಖ ಗಂಟಾಯಿತು, ಸ್ಪೀಕರ್ ಹಾಕಿಸಿದರು. "ಏನೇ, ತಂತಿ ಕಳಿಸಿದೀವಿ. ಬಂತಾ?"

ಹೇಳಿದ್ದಿಷ್ಟೇ ಅಂತ ನಾನು ಎಷ್ಟು ಹೇಳಿದರೂ ಕನ್ನಡ ಬಾರದ ಟೀಚರಿಗೆ ಪದವೂ ಫೋನಿನಲ್ಲೇ ಬಂದಿತ್ತೇನೋ ಅಂತ ಅನುಮಾನ. "ಹಾಗಾದರೆ ಈಗ ನೀವು ತಂತಿಯಲ್ಲೇ ಉತ್ತರ ಕಳಿಸಿ, ಹುಡುಗಿ ಬರೆದು ತರಲಿ" ಅಂದರು. "ಅಸಾಂಟೆ", ಅಂದರೆ ಥ್ಯಾಂಕ್ಸ್, ಅಂತ ಕುಟ್ಟಿದೆ. ಮಗಳು ಅದನ್ನೇ ಬರೆದುಕೊಂಡು ಓಡಿ ಬಂದಳು. ಅವಳ ಹಿಂದೆಯೇ ಮತ್ತೆ ಫೋನ್:

"ನಿನ್ನ ಉತ್ತರ ಬಂತು ಕಣೇ, ಹೇಳೋಣ ಅಂತ ಮಾಡಿದೆ."

ಏನಂದರು ಅಂತ ಟೀಚರಿಗೆ ಹೇಳಿದೆ. ಅವರು ಮೇಜು ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು, "ಹುಡುಗಿ ಮುಂದಿನ ಸುತ್ತಿಗೆ ಬರಲಿ. ಅಪ್ಪ ಮನೆಯಲ್ಲೇ ಇರಲಿ" ಅಂದರು.