ಸಹ ಬರಹಗಾರರ ಕತೆಯನ್ನು ನಿಜವಾಗಿ ಓದುವುದನ್ನು ತಡೆಗಟ್ಟುವ ಬಗ್ಗೆ

ಗಡಿನಾಡ ಬರಹಗಾರರ ಕೂಟ, ಹೊಸೂರು
(ಪರಸ್ಪರ ಮೆಚ್ಚುಗೆ ವಿಭಾಗ)

ಸಂಖ್ಯೆ: ಗಬಕೂ/ಪಮೆವಿ/೧೭/೨೦೨೫  ದಿನಾಂಕ: ೨೬-೦೫-೨೦೨೫

ಸುತ್ತೋಲೆ

ವಿಷಯ: ಸದಸ್ಯರು ಒಬ್ಬರ ಕತೆಯನ್ನೊಬ್ಬರು ಓದಿ ಪ್ರಶ್ನೆ ಕೇಳುತ್ತಿರುವ ಕುರಿತು.

ಉಲ್ಲೇಖ: ೧) ಮಾರ್ಚ್ ಮತ್ತು ಏಪ್ರಿಲ್ ಸಭೆಗಳ ನಡಾವಳಿ.
೨) ಶ್ರೀಮತಿ ಅಕ್ಕಯಮ್ಮನವರ ವಿವರಣೆ (ಪೆನ್ಸಿಲಿನಲ್ಲಿ).

ಕೂಟವು ಹನ್ನೊಂದು ವರ್ಷಗಳಿಂದ ಪ್ರತಿ ತಿಂಗಳ ಎರಡನೇ ಭಾನುವಾರ ಸೇರಿ, ಒಬ್ಬರು ಓದಿದ್ದನ್ನು ಉಳಿದ ಹದಿಮೂರು ಮಂದಿ "ಮನಮುಟ್ಟುವಂತಿದೆ" ಎಂದು ಹೊಗಳಿ, ಬೋಂಡಾ ತಿಂದು ಶಾಂತಿಯುತವಾಗಿ ಚದುರುತ್ತ ಬಂದಿರುತ್ತದೆ. ಈ ಅವಧಿಯಲ್ಲಿ ಯಾರ ಬರಹವೂ ಸುಧಾರಿಸಿದ ಬಗ್ಗೆ ಒಂದೇ ಒಂದು ದೂರು ದಾಖಲಾಗಿರುವುದಿಲ್ಲ.

೧. ಹೀಗಿರುವಲ್ಲಿ, ಮಾರ್ಚ್ ಸಭೆಯಲ್ಲಿ ಮತ್ತಿಗಿರಿಯ ಕಾರ್ಖಾನೆ ನೌಕರ ಶ್ರೀ ಗೋಪಿನಾಥ್ ಅವರು ತಮ್ಮ ತಾಯಿ ತೀರಿಕೊಂಡ ಬಗ್ಗೆ ಒಂದು ಕತೆ ಓದಿದರು. ನಿಯಮಾನುಸಾರ ಹನ್ನೆರಡು ಮಂದಿಯ ಮನ ಮುಟ್ಟಲಾಯಿತು. ಹದಿಮೂರನೆಯವರಾದ ಉದ್ದನಪಲ್ಲಿಯ ಬೀನ್ಸ್ ಬೆಳೆಗಾರರಾದ ಶ್ರೀಮತಿ ಅಕ್ಕಯಮ್ಮನವರು ಮಾತ್ರ ಪೂರ್ವಾನುಮತಿಯಿಲ್ಲದೆ ಈ ಕೆಳಕಂಡಂತೆ ನುಡಿದಿರುವುದು ಕಂಡುಬಂದಿದೆ:

"ಅಲ್ಲ ಕಣ್ಲಾ ಗೋಪಿ, ನಿಮ್ಮವ್ವ ಆಸ್ಪತ್ರೇಲಿ ಹೋಗ್ಬುಟ್ಲು ಅಂತ ಬರ್ದಿದ್ದೀಯ. ಡಾಕ್ಟ್ರು ಅವ್ರೆ, ನರ್ಸು ಅವ್ರೆ, ಕಿಟಕಿ ಐತೆ. ನೀನೆಲ್ಲಿದ್ದೆ?"

ಶ್ರೀ ಗೋಪಿನಾಥ್ ಅವರು ಕಾಗದ ಮಡಚಿಕೊಂಡು, "ಡ್ಯೂಟೀಲಿದ್ದೆ ಅಕ್ಕ. ಫೋನು ಲಾಕರ್‌ನಾಗಿತ್ತು. ಹದಿನೇಳು ಸಲ ಕಾಲ್ ಬಂದಿತ್ತು," ಎಂದರು.

"ಅದ್ನ ಬರೀಲಿಲ್ವಲ್ಲ."

ತದನಂತರ ಬೋಂಡಾ ವಿತರಣೆ ವಿಳಂಬವಾಯಿತು.

೨. ಇಂಥ ಅಹಿತಕರ ಘಟನೆಗಳು ಮರುಕಳಿಸದಂತೆ, ಕತೆಯನ್ನು ಗಮನವಿಟ್ಟು ಕೇಳಿದ ಸದಸ್ಯರು ಅಭಿಪ್ರಾಯ ಹೇಳುವ ಅರ್ಹತೆ ಕಳೆದುಕೊಳ್ಳುತ್ತಾರೆ ಎಂದು ಈ ಮೂಲಕ ಸೂಚಿಸಲಾಗಿದೆ. ನಿದ್ದೆ ಮಾಡಿದವರಿಗೆ ಆದ್ಯತೆ ನೀಡಲಾಗುವುದು.

೩. ಏಪ್ರಿಲ್ ಸಭೆಯಲ್ಲಿ ಸದರಿ ಗೋಪಿನಾಥ್ ಅವರು ಅದೇ ಕತೆಯನ್ನು ತಿದ್ದಿ ಬರೆದು ತಂದು ಓದಿದರು. ಲಾಕರ್ ಇತ್ತು, ಹದಿನೇಳು ಕರೆಗಳಿದ್ದವು, ಶಿಫ್ಟ್ ಮುಗಿಸಿ ಬಂದ ಮಗ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಮುಖ ತೊಳೆಯಲು ಹೋದದ್ದಿತ್ತು. ಓದು ಮುಗಿದಾಗ "ಮನಮುಟ್ಟುವಂತಿದೆ" ಎಂದು ಒಬ್ಬರೂ ಹೇಳಲಿಲ್ಲ. ಅಧ್ಯಕ್ಷರಾದ ಶ್ರೀ ಹಯಗ್ರೀವ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕನ್ನಡಕ ಒರೆಸಲು ಹೋಗಿ ಕಣ್ಣು ಒರೆಸಲ್ಪಟ್ಟಿರುವುದಾಗಿ ಅವರು ಲಿಖಿತವಾಗಿ ಸ್ಪಷ್ಟಪಡಿಸಿದ್ದಾರೆ.

೪. ಶಿಸ್ತು ಕ್ರಮ ಏಕೆ ಜರುಗಿಸಬಾರದೆಂದು ಅಕ್ಕಯಮ್ಮನವರನ್ನು ಕೇಳಲಾಗಿ, ಬಂದ ವಿವರಣೆಯನ್ನು ಯಥಾವತ್ತಾಗಿ ನೀಡಲಾಗಿದೆ:

"ಕತೆ ಕೇಳಿದ್ ಮ್ಯಾಕೆ ಸುಮ್ಕಿರ್ಬೇಕು ಅಂತ ಗೊತ್ತಿರ್ಲಿಲ್ಲ ಸ್ವಾಮಿ. ಹನ್ನೊಂದು ವರ್ಷದಿಂದ ನಾನೂ ಓದ್ತಾ ಇವ್ನಿ. ಚೆನ್ನಾಗೈತೆ ಅಂತೀರಿ. ಯಾರಾನಾ ಒಬ್ರು ಒಂದು ಮಾತು ಕೇಳ್ತಾರೇನೋ ಅಂತ ಕಾಯ್ತಾ ಇದ್ದೆ."

ಈ ವಿವರಣೆಯು ತೃಪ್ತಿಕರವಾಗಿರುವುದಿಲ್ಲ. ಹೊಗಳಿಕೆಯನ್ನು ಕೂಟವು ಯಾವ ಕೊರತೆಯೂ ಇಲ್ಲದಂತೆ ಪೂರೈಸಿರುವುದು ಕಡತದಲ್ಲಿ ಸ್ಪಷ್ಟವಿದೆ.

೫. ಸದರಿ ವಿವರಣೆಯನ್ನು ಓದಿದ ಗೋಪಿನಾಥ್ ಅವರು ಮಾರನೆಯ ದಿನವೇ ಬಸ್ಸು ಹತ್ತಿ ಉದ್ದನಪಲ್ಲಿಗೆ ಹೋಗಿ, ಅಕ್ಕಯಮ್ಮನವರ ನಾಲ್ಕು ನೋಟ್‌ಬುಕ್‌ಗಳನ್ನು ಪಡೆದು, ವಾರದೊಳಗೆ ಓದಿ, ಮೂರು ಪುಟಗಳಷ್ಟು ಪ್ರಶ್ನೆಗಳೊಂದಿಗೆ ಮರಳಿಸಿರುತ್ತಾರೆ. ಅಕ್ಕಯಮ್ಮನವರು ಸದರಿ ಮೂರು ಪುಟಗಳನ್ನು ದೇವರ ಪಟದ ಹಿಂದೆ ಇಟ್ಟುಕೊಂಡಿರುವುದಾಗಿ ತಿಳಿದುಬಂದಿದೆ. ಅಂದಿನಿಂದ ಅವರ ಜಗಲಿಯಲ್ಲಿ ಪ್ರತಿ ಭಾನುವಾರ ಅನಧಿಕೃತ ಓದು ನಡೆಯುತ್ತಿದ್ದು, ಹನ್ನೆರಡು ಸದಸ್ಯರು ಬೀನ್ಸ್ ಬಿಡಿಸುತ್ತ ಪರಸ್ಪರ ಜಗಳವಾಡಿ, ಮತ್ತೆ ಬರೆದು, ಮುಂದಿನ ವಾರ ಪುನಃ ಹಾಜರಾಗುತ್ತಿದ್ದಾರೆ. ಮೇ ತಿಂಗಳ ಅಧಿಕೃತ ಸಭೆಯಲ್ಲಿ ಅಧ್ಯಕ್ಷರು ತಮ್ಮನ್ನು ತಾವೇ ಸ್ವಾಗತಿಸಿ, ತಮಗೆ ತಾವೇ ವಂದಿಸಬೇಕಾಯಿತು.

೬. ಆದ್ದರಿಂದ ಬೀನ್ಸ್ ಬಿಡಿಸುವಾಗ ಸಾಹಿತ್ಯ ಚರ್ಚೆ ನಿಷೇಧಿಸಲಾಗಿದೆ. ಅವರೆಕಾಯಿ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು.

೭. ಸದರಿ ಜಗಲಿಯ ತಪಾಸಣೆಗೆ ಈ ಕೆಳಗೆ ಸಹಿ ಮಾಡಿರುವವರನ್ನು ನಿಯೋಜಿಸಲಾಗಿತ್ತು. ತಪಾಸಣೆಯು ಸತತ ನಾಲ್ಕು ಭಾನುವಾರ ನಡೆದಿದ್ದು, ಇನ್ನೂ ಪೂರ್ಣಗೊಂಡಿರುವುದಿಲ್ಲ. ನಿನ್ನೆ ಅಕ್ಕಯಮ್ಮನವರು, "ಮೇಷ್ಟ್ರೇ, ನೀವೇನು ಬರೀತೀರ?" ಎಂದು ವಿಚಾರಿಸಿದರು. ಕಾರ್ಯದರ್ಶಿಯಾದ ಮೇಲೆ ಆರು ವರ್ಷಗಳಿಂದ ಬೇರೇನೂ ಬರೆಯದೆ ಇರುವ ಕಾರಣ, ಈ ಸುತ್ತೋಲೆಯ ಕರಡನ್ನೇ ಓದಲಾಯಿತು. ಎಲ್ಲರೂ ನಕ್ಕರು. ಅಕ್ಕಯಮ್ಮನವರು ನಗಲಿಲ್ಲ.

"ಇದ್ರಾಗೆ ಸಿಟ್ಟಿಲ್ಲ ಮೇಷ್ಟ್ರೇ. ನನ್ನೂ ಈ ಜಗಲಿಗೆ ಕರೀಬೋದಿತ್ತಲ್ಲ ಅನ್ನೋ ಸಂಕಟ ಐತೆ. ಅದ್ನ ಯಾಕೆ ಮುಚ್ಚಿಟ್ಟಿದ್ದೀರ?"

ಈ ಪ್ರಶ್ನೆಯನ್ನು ಕಡತದಲ್ಲಿ ದಾಖಲಿಸಿಕೊಂಡು, ಉತ್ತರಕ್ಕೆ ಕಾಲಾವಕಾಶ ಕೋರಲಾಗಿದೆ.

(ಸಹಿ)
ಮುರಳಿಕೃಷ್ಣ
ಗೌರವ ಕಾರ್ಯದರ್ಶಿ

ಪ್ರತಿಗಳು:
೧. ಅಧ್ಯಕ್ಷರಿಗೆ: ಒಬ್ಬರೇ ಇರುವುದರಿಂದ ಗಟ್ಟಿಯಾಗಿ ಓದಿಕೊಳ್ಳುವುದು.
೨. ಶ್ರೀ ಗೋಪಿನಾಥ್ ಅವರಿಗೆ: ಶಿಫ್ಟ್ ಮುಗಿದ ಮೇಲೆ.
೩. ಬೋಂಡಾ ಸರಬರಾಜುದಾರರಿಗೆ: ಹದಿನಾಲ್ಕರ ಬದಲು ಎರಡು ಪ್ಲೇಟ್.
೪. ಶ್ರೀಮತಿ ಅಕ್ಕಯಮ್ಮನವರಿಗೆ: ಜೊತೆಯಲ್ಲಿ ಒಂದು ಕತೆ ಲಗತ್ತಿಸಿದೆ, ಪುಟಗಳು ಎರಡು, ಇನ್ನೂ ಮುಗಿದಿಲ್ಲ.
೫. ಕಚೇರಿ ಪ್ರತಿ.