ಬ್ಯಾರಲ್ ಕ್ರೀಕಿನಲ್ಲಿ ಅಪರಾಧದ ಸರದಿ

ಈ ಸಲ ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿದ್ರೆ, ಮುಂದಿರೋ ಈ ಬಿಯರು ನನ್ನ ಗಂಟಲಲ್ಲೇ ಹುಳಿಯಾಗ್ಲಿ. ಹೋದ ಸಲದ ಮೊಸಳೆ ಕತೆಯಲ್ಲಿ ಮೊಸಳೆ ಒಂದೇ ಸುಳ್ಳಿತ್ತು, ಒಪ್ಕೋತೀನಿ. ಇದು ಸರ್ಕಾರದ ಕತೆ. ನಾನಾಗಿ ಏನೂ ಸೇರಿಸೋ ಪ್ರಮೇಯಾನೇ ಬರ್ಲಿಲ್ಲ.

ವಿಷಯ ಇಷ್ಟು. ನಮ್ಮ ರಾಜ್ಯ ಸರ್ಕಾರ ಬಚ್ಚಿಟ್ಟ ಶುಲ್ಕಗಳನ್ನ ನಿಷೇಧಿಸ್ತು. ಬೋರ್ಡಲ್ಲಿರೋ ಬೆಲೆಯೇ ಬೆಲೆ; ಆಮೇಲೆ ಅದಕ್ಕಿಷ್ಟು ಇದಕ್ಕಿಷ್ಟು ಅಂತ ಸೇರಿಸಿದ್ರೆ ಸಾವಿರ ಡಾಲರ್ ದಂಡ. ಕಾನೂನಿನ ಜೊತೆ ಆಯವ್ಯಯದ ಅಂದಾಜೂ ಲಗತ್ತಿಸಿದ್ರು. ನಮ್ಮ ಬ್ಯಾರಲ್ ಕ್ರೀಕಿಗೆ ಒಬ್ಬ ಇನ್ಸ್‌ಪೆಕ್ಟರು, ಅವನಿಗೊಂದು ಕಚೇರಿ, ಕಚೇರಿಗೊಂದು ಫ್ಯಾನು: ಇದು ವೆಚ್ಚ. ಊರಿನವರ ಮೋಸ: ಇದು ಆದಾಯ. ಕೂಡಿ ಕಳೆದ್ರೆ ಸರ್ಕಾರಕ್ಕೆ ಲಾಭ.

ಇನ್ಸ್‌ಪೆಕ್ಟರಾಗಿ ಲೈಲ್ ಪ್ರೆಂಟಿಸ್ ಬಂದ. ಎಷ್ಟು ಎತ್ತರ ಅಂದ್ರೆ, ಅವನು ಕಚೇರಿಯಲ್ಲಿ ಎದ್ದು ನಿಂತಾಗ ಫ್ಯಾನ್ ಆಫ್ ಮಾಡ್ಬೇಕು. ಬಂದ ಭಾನುವಾರಾನೇ ಗ್ಲೆನಿಸ್ ಅಂಗಡಿಯಲ್ಲಿ ಒಂದು ಮಾಂಸದ ಪೈ ತಗೊಂಡ. ಬೋರ್ಡಲ್ಲಿ ಆರು ಡಾಲರ್. ಬಿಲ್ಲಲ್ಲಿ ಸಾಸಿಗೆ ಐವತ್ತು ಸೆಂಟು, ಕಾಗದದ ಚೀಲಕ್ಕೆ ಇಪ್ಪತ್ತು, ಕಾರ್ಡು ಉಜ್ಜಿದ್ದಕ್ಕೆ ಹತ್ತು, ಭಾನುವಾರ ಆಗಿದ್ದಕ್ಕೆ ಎಪ್ಪತ್ತು. ಒಳ್ಳೆ ಹುಡುಗ, ಎಚ್ಚರಿಕೆ ಕೊಟ್ಟು ಬಿಟ್ಟ. ಮಾರನೇ ದಿನ ಬೋರ್ಡು ಬದಲಾಯ್ತು: ಪೈ, ಎಲ್ಲ ಸೇರಿ ಏಳೂವರೆ. ಈಗ ಸೋಮವಾರಾನೂ ಭಾನುವಾರದ ರೇಟೇ, ಆದ್ರೆ ಮೋಸ ಇಲ್ಲ. ಅವಳನ್ನ ನೋಡಿ ಊರೆಲ್ಲ ಹಾಗೇ ಮಾಡ್ತು.

ಆರು ತಿಂಗಳಾದ್ರೂ ಒಂದು ದಂಡ ಇಲ್ಲ. ರಾಜಧಾನಿಯಿಂದ ಪತ್ರ ಬಂತು:

"ತಮ್ಮ ವ್ಯಾಪ್ತಿಯಲ್ಲಿ ಅಪರಾಧಗಳ ತೀವ್ರ ಅಭಾವದಿಂದಾಗಿ ಬೊಕ್ಕಸಕ್ಕೆ ನಷ್ಟ ಉಂಟಾಗಿರುವುದನ್ನು ವಿಷಾದದಿಂದ ಗಮನಿಸಲಾಗಿದೆ. ಇನ್ನು ಮುಂದೆ ತಿಂಗಳಿಗೆ ಕನಿಷ್ಠ ಒಂದು ಅಪರಾಧ ಪತ್ತೆಯಾಗದಿದ್ದಲ್ಲಿ ಸದರಿ ಕಚೇರಿಯನ್ನು ಮುಚ್ಚಿ ತಮ್ಮನ್ನು ವರ್ಗಾಯಿಸಲಾಗುವುದು."

ಲೈಲ್ ಪತ್ರ ಹಿಡ್ಕೊಂಡು ಗ್ಲೆನಿಸ್ ಹತ್ರ ಹೋದ.

"ಒಂದೇ ಒಂದು ಶುಲ್ಕ ಬಚ್ಚಿಡು ಮಾರಾಯ್ತಿ. ಸಾಸಿಂದಾದ್ರೂ ಸರಿ."

"ಬೋರ್ಡು ಬದಲಾಯಿಸೋ ಹಾಗೆ ಮಾಡ್ದೋನು ನೀನೇ ಅಲ್ವಾ?"

"ಹೌದು."

"ಈಗ ಪ್ರಾಮಾಣಿಕತೆ ಅಭ್ಯಾಸ ಆಗ್ಹೋಗಿದೆ ಕಣೋ. ಲಾಭಾನೂ ಜಾಸ್ತಿ."

ಹೋದ್ರೆ ಹೋಗ್ಲಿ ಅನ್ಬಹುದಿತ್ತು. ಆದ್ರೆ ನಮ್ಮೂರ ಕ್ರಿಕೆಟ್ ತಂಡದಲ್ಲಿ ಲೈಲ್ ಸೇರಿ ಹನ್ನೊಂದು ಜನ. ಅವನು ಹೋದ್ರೆ ಹತ್ತು, ಅದ್ರಲ್ಲಿ ಒಬ್ಬ ಎಪ್ಪತ್ತೆಂಟು ವರ್ಷದ ನಾನು. ತಂಡಾನೇ ಮುಚ್ಚಬೇಕು.

ಇದೇ ಪಬ್ಬಲ್ಲಿ ಸಭೆ ಸೇರ್ತು. ಗ್ಯಾರೇಜಿನ ಕೆವ್ ಎದ್ದು ಹೇಳ್ದ: "ಬಿಯರ್ ಕೊಡ್ಸೋಕೆ ಸರದಿ ಹಾಕ್ಕೊಳ್ಳಲ್ವಾ? ಅಪರಾಧಕ್ಕೂ ಹಾಕೋಣ. ತಿಂಗಳಿಗೊಬ್ರು. ಬೇರೆಯೋರದ್ದು ಕುಡ್ದು ತನ್ನ ಸರದಿ ಬಂದಾಗ ಜಾರ್ಕೊಳ್ಳೋ ಹಾಗಿಲ್ಲ."

ನಿರ್ಣಯ ಅವಿರೋಧವಾಗಿ ಅಂಗೀಕಾರ ಆಯ್ತು. ಅನುಮೋದಿಸಿದ್ದು ಇನ್ಸ್‌ಪೆಕ್ಟರು.

ಮೊದಲ ಸರದಿ ಗ್ಲೆನಿಸ್‌ದು. ಲೈಲ್ ಪೈ ತಿಂದು ಬಿಲ್ ನೋಡ್ದ. ಸಾಸಿಗೆ ಐವತ್ತು ಸೆಂಟು. ಪಾಪ, ಕಣ್ಣಲ್ಲಿ ನೀರು ಬಂತು.

ದಂಡ ಕಟ್ಟೋಕೆ ಪಬ್ಬಿನ ಶುಕ್ರವಾರದ ಲಾಟರಿ ಇತ್ತು, ಗೆದ್ದೋರಿಗೆ ಒಂದು ತಟ್ಟೆ ತುಂಬ ಮಾಂಸ. ಚೀಟಿಗೆ ಎರಡು ಡಾಲರ್. ಅದ್ರ ಮೇಲೆ ಐವತ್ತು ಸೆಂಟು 'ಅಪರಾಧ ನಿಧಿ' ವಸೂಲಿ ಮಾಡಿದ್ವಿ, ಬೋರ್ಡಲ್ಲಿ ಬರೆಯೋದು ಮರೆತ್ವಿ. ಲೈಲ್ ಒಂದು ಚೀಟಿ ತಗೊಂಡ. ಎರಡನೇ ತಿಂಗಳ ಅಪರಾಧ ತಾನಾಗೇ ಸಿಕ್ತು. ಎರಡು ಸಾವಿರ ಕಟ್ಟೋಕೆ ಹೋದ್ರೆ, ದಂಡ ಸ್ವೀಕರಿಸೋ ಶುಲ್ಕ ಅಂತ ಸರ್ಕಾರ ಮೂವತ್ತು ಡಾಲರ್ ಮೇಲೆ ಕೇಳ್ತು. ಅದು ಎಲ್ಲೂ ಬರೆದಿರ್ಲಿಲ್ಲ. ಲೈಲ್ ಅದಕ್ಕೂ ನೋಟಿಸ್ ಬರೀತಿದ್ದ. ಆ ತಿಂಗಳ ಕೋಟಾ ಮುಗ್ದಿದೆ ಅಂತ ಬಿಟ್ಟ.

ವರ್ಷದ ಕೊನೆಗೆ ಮಂತ್ರಿಗಳ ಸಹಿ ಇರೋ ಪ್ರಶಸ್ತಿ ಪತ್ರ ಬಂತು: 'ರಾಜ್ಯದಲ್ಲೇ ಅತ್ಯಂತ ಶಿಸ್ತಿನ ಅಪರಾಧಿಗಳ ಊರು'. ನೋಡಿ, ಅಲ್ಲೇ ಡಾರ್ಟ್ಸ್ ಬೋರ್ಡ್ ಪಕ್ಕ ಇದೆ. ಆ ವರ್ಷ ಲೈಲ್ ನಲವತ್ತು ವಿಕೆಟ್ ಕಿತ್ತ.

ಹೋದ ತಿಂಗಳು ನನ್ನ ಸರದಿ. ರಸ್ತೆ ಬದಿ ಗಾಳದ ಹುಳ ಮಾರ್ತೀನಲ್ಲ, ಮಣ್ಣಿಗೆ ಬೇರೆ ದುಡ್ಡು ತಗೊಂಡೆ. ಸಿಕ್ಕಿಬಿದ್ದೆ. ಲಾಟರಿ ಗೀಟರಿ ಬೇಡ ಅಂತ ಸ್ವಂತ ಜೇಬಿಂದ ಸಾವಿರ ಎಣಿಸ್ಕೊಟ್ಟೆ. ಆಮೇಲೆ ಇಲ್ಲಿದ್ದೋರಿಗೆಲ್ಲ ಒಂದೊಂದು ಬಿಯರೂ ಕೊಡ್ಸಿದೆ.

ಗ್ಲಾಸ್ ಒರೆಸ್ತಿದ್ದ ನರೆಲ್ ಬಟ್ಟೆ ಕೆಳಗಿಟ್ಟಳು.

"ಆರ್ಚಿ! ಅಪರಾಧ, ಸರದಿ, ಪ್ರಶಸ್ತಿ, ಅಲ್ಲೀತನಕ ಎಲ್ಲಾ ನಿಜ, ನಾನೇ ಸಾಕ್ಷಿ. ಇಪ್ಪತ್ತೆರಡು ವರ್ಷದಿಂದ ಈ ಪಬ್ಬಿನ ಕೌಂಟರ್ ಹಿಂದೆ ನಿಂತಿದ್ದೀನಿ. ನೀನು ಯಾವತ್ತು ಯಾರಿಗೆ ಬಿಯರ್ ಕೊಡ್ಸಿದ್ದೀಯ?"