ಕಿರಂಗೂರಿನ ಅಳಿಯನ ಮೌನವ್ರತ

ನಿವೃತ್ತರಾದ ಮೇಲೆ ಹಳ್ಳಿ ಸೇರಿ ಹಾಳಾದ ಗೆಳೆಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒಬ್ಬ ಹಸು ಕಟ್ಟಿ ಸೊಂಟ ಮುರಿದುಕೊಂಡ. ಇನ್ನೊಬ್ಬ ಪಂಚಾಯಿತಿ ಎಲೆಕ್ಷನ್ನಿಗೆ ನಿಂತು, ಸ್ವಂತ ಹೆಂಡತಿಯ ಓಟೂ ಬೀಳದೆ, ಇವತ್ತಿಗೂ ಅವಳ ಜೊತೆ ಮಾತು ಬಿಟ್ಟಿದ್ದಾನೆ. ಆದ್ದರಿಂದ ತೊಂಬತ್ತನಾಲ್ಕನೇ ಇಸವಿಯಲ್ಲಿ ಬೆಂಗಳೂರಿನ ರಾಜಾಜಿನಗರ ಬಿಟ್ಟು ಕಿರಂಗೂರಿಗೆ ಬರುವಾಗ, ಸಾಮಾನಿನ ಲಾರಿಯ ಮುಂದಿನ ಸೀಟಿನಲ್ಲಿ ಕೂತು ನಾನೊಂದು ಭೀಷ್ಮಪ್ರತಿಜ್ಞೆ ಮಾಡಿದೆ.

"ನೋಡು ಚಲುವಾ, ಊರು ಬದಲಾದರೂ ನಾನು ಬದಲಾಗುವವನಲ್ಲ. ಯಾರ ಮನೆ ವಿಷಯಕ್ಕೂ ತಲೆ ಹಾಕುವುದಿಲ್ಲ. ಇದು ಖಂಡಿತ!"

ನನ್ನ ಹೆಂಡತಿ ಚಲುವಮ್ಮ ಮಡಿಲಲ್ಲಿದ್ದ ಮಿಕ್ಸಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ನಿಮ್ಮ ತಲೆ ಯಾರಿಗೆ ಬೇಕಾಗಿದೆ, ಬಿಡಿ" ಎಂದಳು.

ಈ ಪ್ರತಿಜ್ಞೆಗೆ ಹಿನ್ನೆಲೆಯಿದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ದೂರದೂರಿನ ಕರೆ ಜೋಡಿಸುವ ಟ್ರಂಕ್ ವಿಭಾಗದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದವನು ನಾನು. ನಾಡಿನ ಅರ್ಧ ಗುಟ್ಟು ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಗಿದೆ. ಒಂದನ್ನೂ ಒಳಗೆ ಬಿಟ್ಟುಕೊಂಡವನಲ್ಲ! ರಾಜಾಜಿನಗರದಲ್ಲೂ ಅಷ್ಟೇ. ಎದುರುಮನೆಯವರ ಹೆಸರು ನನಗೆ ತಿಳಿದದ್ದು ಅವರು ಮನೆ ಖಾಲಿ ಮಾಡಿದ ದಿನ, ಲಾರಿಯವನು ಬಂದು ವಿಳಾಸ ಕೇಳಿದಾಗ. ಅಷ್ಟು ವರ್ಷದಲ್ಲಿ ನಮ್ಮಿಬ್ಬರ ನಡುವೆ ಒಂದು ಜಗಳವಿಲ್ಲ, ಮನಸ್ತಾಪವಿಲ್ಲ. ಮಾತೇ ಇರಲಿಲ್ಲವಲ್ಲ! ಇದನ್ನೇ ನಾನು ನಾಗರಿಕತೆ ಎಂದು ಕರೆಯುತ್ತಿದ್ದೆ.

ಬಾಡಿಗೆ ಮನೆಯ ಓನರು ಮನೆ ಕೆಡವಿ ಅಂಗಡಿ ಮಳಿಗೆ ಕಟ್ಟಿಸಲು ಹೊರಟಿದ್ದರಿಂದ ಈ ನಾಗರಿಕತೆಗೆ ಕುತ್ತು ಬಂತು. ಚಲುವಮ್ಮನ ಅಣ್ಣ ಕಿರಂಗೂರಿನಲ್ಲಿ ಒಂದು ಸೈಟು ಕೊಟ್ಟ. ಮನೆ ಕಟ್ಟಿಸಿದೆವು. ಹುಟ್ಟಿದ್ದು ನಾಗಮಂಗಲದ ಕಡೆ, ಬಾಳಿದ್ದು ಬೆಂಗಳೂರಿನಲ್ಲಿ, ಕೊನೆಗಾಲಕ್ಕೆ ಮಾವನ ಊರು! ಹಲ್ಲು ಕಟ್ಟಿಸಿಕೊಳ್ಳುವ ವಯಸ್ಸಿನಲ್ಲಿ ನಾನು ಮನೆ ಅಳಿಯನಾದೆ. ಒಂದು ಮನೆಗಲ್ಲ, ಇಡೀ ಊರಿಗೆ! ಎಲ್ಲರ ಬಾಯಲ್ಲೂ ನಾನು 'ಅಳಿಯಂದ್ರು', ಇಲ್ಲವೇ 'ಬಾವ'. ನನಗೂ ಒಂದು ಹೆಸರಿದೆ ಎಂಬುದು ಪೆನ್ಷನ್ ಕೊಡುವವರಿಗೆ ಮಾತ್ರ ಗೊತ್ತು.

ಚಲುವಮ್ಮನ ಸಂಗತಿಯೇ ಬೇರೆ. ಲಾರಿಯಿಂದ ಇಳಿದ ಕಾಲು ನೆಲ ಮುಟ್ಟುವಷ್ಟರಲ್ಲಿ ಅವಳ ಬಾಯಿಂದ ಹಕಾರ ಉದುರಿಹೋಗಿತ್ತು. ಬೆಂಗಳೂರಿನಲ್ಲಿ 'ಹೇಗಿದ್ದೀರಿ' ಎನ್ನುತ್ತಿದ್ದವಳು 'ಎಂಗಿದ್ದೀರಿ' ಎನ್ನತೊಡಗಿದಳು. ವಾರದೊಳಗೆ ಯಾರ ಮನೆಯಲ್ಲಿ ಯಾವ ಸಾರು ಎಂಬ ವರದಿ ನಮ್ಮ ಅಡುಗೆಮನೆಗೆ ತಪ್ಪದೆ ತಲುಪುತ್ತಿತ್ತು.

ಪಕ್ಕದ ಮನೆ ಶಿವಣ್ಣನದು. ಕಬ್ಬು ಬೆಳೆಯುತ್ತಾನೆ, ಡೈರಿಗೆ ಹಾಲು ಹಾಕುತ್ತಾನೆ, ದೂರದಿಂದ ಚಲುವಮ್ಮನಿಗೆ ತಮ್ಮನಾಗಬೇಕು. ಅವನ ತಾಯಿ ದೊಡ್ಡತಾಯಮ್ಮ ಬೆಳಿಗ್ಗೆ ನಾನು ಹಿತ್ತಲಲ್ಲಿ ಮುಖ ತೊಳೆಯುವಾಗಲೇ ಬೇಲಿಯ ಆಚೆಯಿಂದ ವಿಚಾರಣೆ ಶುರು ಮಾಡುತ್ತಿದ್ದರು.

"ಅಳಿಯಂದ್ರೇ, ರಾತ್ರಿ ಯಾಕೆ ಅಂಗೆ ಕೆಮ್ತಿದ್ರಿ?"

"ಏನಿಲ್ಲಮ್ಮ."

"ಒಟ್ಟೆ ಸರ್ಯಾಗಿ ಓಯ್ತದಾ?"

ಟ್ರಂಕ್ ವಿಭಾಗದ ಮೇಲ್ವಿಚಾರಕನಿಗೆ ಕೇಳುವ ಪ್ರಶ್ನೆಯೇ ಇದು! ನಾನು ಚೊಂಬು ಹಿಡಿದು ಒಳಗೆ ಓಡುತ್ತಿದ್ದೆ. ಶಿವಣ್ಣನ ಮಗಳು ರಂಜಿತಳಿಗೆ ಎಲ್ಲೋ ಗಂಡು ಗೊತ್ತಾಗುವ ಹಾಗಿದೆ ಎಂದು ಚಲುವಮ್ಮ ಒಂದು ದಿನ ಊಟದ ಹೊತ್ತಿನಲ್ಲಿ ಹೇಳಲು ಬಂದಳು. "ಬೇರೆಯವರ ಮನೆ ಸುದ್ದಿ ನನ್ನ ತಟ್ಟೆಗೆ ಬಡಿಸಬೇಡ!" ಎಂದು ಗದರಿದೆ. ಅವಳು ಮುದ್ದೆಯನ್ನಷ್ಟೇ ಬಡಿಸಿದಳು.

ಶ್ರಾವಣದ ಒಂದು ಶನಿವಾರ. ಚಲುವಮ್ಮನೂ ಶಿವಣ್ಣನ ಮನೆಯವರೆಲ್ಲರೂ ಕರಿಘಟ್ಟದ ದೇವಸ್ಥಾನಕ್ಕೆ ಹೋಗಿದ್ದರು. ನಾನು ಜಗುಲಿಯ ಮೇಲೆ ಪೇಪರು ಹರಡಿಕೊಂಡು ಕೂತಿದ್ದೆ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಕಂಕುಳಲ್ಲಿ ಕೊಡೆ ಇದ್ದ ಮೂವರು ಬಂದರು. ಕೂರಿ ಎನ್ನುವ ಮೊದಲೇ ಜಗುಲಿಯ ಮೇಲೆ ಕೂತರು.

"ಒಸಿ ನೀರ್ ಕೊಡಿ ಸ್ವಾಮಿ, ಬಿಸ್ಲು ಜಾಸ್ತಿ."

ಕೊಟ್ಟೆ. ಅವರಲ್ಲಿ ಹಿರಿಯರು ಕಬ್ಬಿನ ಬಗ್ಗೆ ಕೇಳಿದರು, ನಾಲೆಯ ನೀರಿನ ಬಗ್ಗೆ ಕೇಳಿದರು. 'ಹೂಂ' ಎಂದೆ. ಆಮೇಲೆ ದನಿ ತಗ್ಗಿಸಿ ಹತ್ತಿರ ಸರಿದರು.

"ಪಕ್ಕದ್ಮನೆ ಶಿವಣ್ಣೋರು ಎಂಗೆ ಜನ?"

"ನನಗೆ ಗೊತ್ತಿಲ್ಲ."

"ಗೋಡೆಗ್ ಗೋಡೆ ಅಂಟ್ಕಂಡದೆ, ಗೊತ್ತಿಲ್ವಾ?"

"ಗೋಡೆ ಇರುವುದೇ ಅದಕ್ಕೆ!"

"ಅಲ್ಲ ಸ್ವಾಮಿ, ಅವ್ರ ಮಗ್ಳು ಟೀಚರ್ ಟ್ರೈನಿಂಗ್ ಮಾಡವ್ಳಂತೆ. ಎಣ್ಮಗ್ಳು ಎಂಗೆ? ನಡ್ತೆ ಗಿಡ್ತೆ?"

ನಾನು ಪೇಪರು ಮಡಿಸಿದೆ. ಕನ್ನಡಕ ತೆಗೆದೆ. ಇಲಾಖೆಯ ಘನತೆಯೆಲ್ಲ ಗಂಟಲಿಗೆ ಬಂತು. "ನೋಡಿ, ಆ ವಿಷಯದಲ್ಲಿ ನಾನು ಬಾಯಿ ಬಿಡುವುದಿಲ್ಲ. ದಯವಿಟ್ಟು ನನ್ನನ್ನು ಅದರಲ್ಲಿ ಎಳೆಯಬೇಡಿ!"

ಮೂವರೂ ಮುಖ ಮುಖ ನೋಡಿಕೊಂಡರು. ಹಿರಿಯರು ಚೊಂಬಿನ ನೀರನ್ನು ಪೂರ್ತಿ ಕುಡಿಯದೆ ಕೆಳಗಿಟ್ಟರು.

"ಸರಿ ಬುಡಿ ಸ್ವಾಮಿ. ಅರ್ತವಾಯ್ತು."

ಎದ್ದು ಬಸ್ಸಿಗೆ ಹೊರಟೇಹೋದರು. ಇಷ್ಟು ಬೇಗ ಅರ್ಥ ಮಾಡಿಕೊಳ್ಳುವ ಜನವೂ ಇದ್ದಾರಲ್ಲ ಎಂದು ನನಗೆ ಬಹಳ ಸಂತೋಷವಾಯಿತು.

ಎರಡು ದಿನ ಬಿಟ್ಟು ಸಂಬಂಧ ತಂದಿದ್ದ ದಲ್ಲಾಳಿ ಮಂಚಯ್ಯ ಶಿವಣ್ಣನ ಮನೆಗೆ ಬಂದ. ಗಂಡಿನ ಕಡೆಯವರು ಬೇಡವೆಂದಿದ್ದಾರೆ! ಸ್ವಲ್ಪ ಹೊತ್ತಿಗೆ ಚಲುವಮ್ಮ ಆ ಮನೆಯಿಂದ ಬಂದವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನೆದುರು ನಿಂತಳು.

"ರೀ, ಸನಿವಾರ ಯಾರಾದ್ರೂ ಬಂದಿದ್ರಾ?"

"ಬಂದಿದ್ದರು. ಊರ ಉಸಾಬರಿ ಮಾಡುವ ಮೂರು ಜನ. ಚೆನ್ನಾಗಿ ಬುದ್ಧಿ ಕಲಿಸಿ ಕಳಿಸಿದೆ!"

"ಬುದ್ದಿ ಕಲ್ಸುದ್ರಾ! ಅವ್ರು ಗೋವಿಂದನಳ್ಳಿ ನಂಜಪ್ಪೋರು. ಉಡ್ಗನ್ ತಂದೆ! ಎಣ್ಣು ನೋಡಕ್ ಮುಂಚೆ ಅಕ್ಕಪಕ್ಕ ಇಚಾರ್ಸಕ್ ಬಂದಿದ್ರು. ಏನಂದ್ರಿ ನೀವು?"

"ಒಂದೇ ಒಂದು ಕೆಟ್ಟ ಮಾತು ಆಡಿಲ್ಲ. ಆಣೆ! ಬಾಯಿ ಬಿಡುವುದಿಲ್ಲ ಎಂದೆ, ಅಷ್ಟೇ."

ಚಲುವಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ ಕರ್ಮವೇ! ಕೆಟ್ಟ ಮಾತಾಡಿದ್ರೆ ಎಷ್ಟೋ ವಾಸಿಯಾಗಿತ್ತು. ಒಟ್ಟೆಕಿಚ್ಚಿಗೆ ಅಂತಾರೆ ಅಂತ ಬುಟ್ಬುಡೋರು. ಪಕ್ಕದ್ಮನೆಯೋನು ಬಾಯೇ ಬುಡಲ್ಲ ಅಂದ್ರೆ ಆ ಎಣ್ಣಿನ್ ಮೇಲೆ ಇನ್ನೇನ್ ಅದೆಯೋ ಅಂದ್ಕೊಳಲ್ವಾ?"

ಮೂವತ್ತು ವರ್ಷ ನನಗೆ ಒಳ್ಳೆಯ ಹೆಸರು ತಂದ ಮೌನ, ಕಿರಂಗೂರಿನಲ್ಲಿ ಒಬ್ಬ ಹೆಣ್ಣುಮಗಳ ಮದುವೆ ಮುರಿದಿತ್ತು.

ಶಿವಣ್ಣ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಅವನ ಮನೆಯಿಂದ ನಮಗೆ ಬರುತ್ತಿದ್ದ ಹಾಲು ಕೂಡ ನಿಲ್ಲಲಿಲ್ಲ. ಆದರೆ ಮರುದಿನ ಬೆಳಿಗ್ಗೆ ನಾನು ಮುಖ ತೊಳೆಯುವಾಗ ಬೇಲಿಯ ಆಚೆ ದೊಡ್ಡತಾಯಮ್ಮ ತಲೆ ತಗ್ಗಿಸಿಕೊಂಡು ಸೊಪ್ಪು ಬಿಡಿಸುತ್ತಿದ್ದರು. ನಾನು ಕೆಮ್ಮಿದೆ. ಬೇಕೆಂದೇ ಇನ್ನೊಮ್ಮೆ ಜೋರಾಗಿ ಕೆಮ್ಮಿದೆ. ಯಾಕೆ ಎಂದು ಕೇಳುವವರಿಲ್ಲ! ನಾನು ಬಯಸಿದ ನಾಗರಿಕತೆ ಕೊನೆಗೂ ಕಿರಂಗೂರಿಗೆ ಬಂದಿತ್ತು. ನನಗೋ ಅಳುವೇ ಬರುವ ಹಾಗಾಯಿತು.

ಹಾಲು ತಂದವಳು ರಂಜಿತ. ಕಣ್ಣು ಊದಿತ್ತು.

"ಮಾವ, ನನ್ಮೇಲೆ ನಿಮ್ಗೇನಾದ್ರೂ ಬೇಜಾರಾ?"

"ಛೆ ಛೆ, ಇಲ್ಲಮ್ಮ!"

"ಗೋವಿಂದನಳ್ಳಿ ಉಡ್ಗ, ನಾಗರಾಜು ಅವ್ರು, ನನ್ ಜೊತೇಲೇ ಟ್ರೈನಿಂಗ್ ಮಾಡ್ದೋರು. ಮಂಚಯ್ಯನ್ ಕೈಲಿ ಏಳ್ಸಿದ್ದೂ ಅವ್ರೇ. ಇದು ಮನೇಲಿ ಯಾರ್ಗೂ ಗೊತ್ತಿಲ್ಲ. ನಿಮ್ಗೊಬ್ರಿಗೇ ಏಳ್ತಿದೀನಿ. ನೀವು ಬಾಯಿ ಬುಡಲ್ಲ ಅಂತ ಈಗ ಊರ್ಗೆಲ್ಲ ಗೊತ್ತಲ್ಲ."

ಇದಕ್ಕಿಂತ ಕೆರದಲ್ಲಿ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. "ಅಳಬೇಡಮ್ಮ. ಕೆಡಿಸಿದವನು ನಾನು, ಸರಿ ಮಾಡುವವನೂ ನಾನೇ. ಈ ಮದುವೆ ಆಗದಿದ್ದರೆ ನನ್ನ ಹೆಸರನ್ನೇ ಬದಲಾಯಿಸಿಕೊಳ್ಳುತ್ತೇನೆ!" ಎಂದು ಘರ್ಜಿಸಿದೆ. ಹೊರಡುವಾಗ ಚಲುವಮ್ಮ ಬಾಗಿಲಲ್ಲಿ ಅಡ್ಡ ನಿಂತಳು.

"ಓಗದೇನೋ ಓಯ್ತಿದ್ದೀರಿ. ಒಗಳಿ, ಆದ್ರೆ ಒಸಿ ಕೊರ್ತೇನೂ ಸೇರ್ಸಿ ಒಗಳಿ. ಎಣ್ಣು ಚಿನ್ನದಂತೋಳು, ಒಸಿ ಬಾಯಿ ಜೋರು ಅನ್ನಿ. ಆಗ ನಂಬ್ತಾರೆ."

"ಆ ಮಗುವಿನ ಮೇಲೆ ಸುಳ್ಳು ದೂರು ಹೇಳಲೇ? ನನಗೆ ಮಾತು ಕಲಿಸಬೇಡ!" ಎಂದು ಬಸ್ಸು ಹತ್ತಿದೆ.

ಪಾಂಡವಪುರದಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ಕೆ.ಆರ್.ಪೇಟೆಗೆ ಹೋಗಿ, ಅಲ್ಲಿಂದ ಮತ್ತೊಂದು ಹಿಡಿದು ಗೋವಿಂದನಹಳ್ಳಿ ತಲುಪಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಪಂಚಲಿಂಗೇಶ್ವರನ ಗುಡಿ ಕಂಡಿತು. ಐದರಲ್ಲಿ ಒಂದಾದರೂ ಕೈ ಹಿಡಿಯಲಿ ಎಂದು ಐದು ಲಿಂಗಕ್ಕೂ ಬೇರೆ ಬೇರೆಯಾಗಿ ಕೈಮುಗಿದೆ.

ನಂಜಪ್ಪನವರು ಜಗುಲಿಯ ಮೇಲಿದ್ದರು. ನನ್ನನ್ನು ನೋಡಿ ಹುಬ್ಬೇರಿಸಿದರು. ನಾನು ಕೂರಲೂ ಇಲ್ಲ, ನಿಂತಲ್ಲೇ ಶುರು ಮಾಡಿದೆ.

"ಸ್ವಾಮಿ, ರಂಜಿತಳಂಥ ಹುಡುಗಿ ನಾಲ್ಕು ತಾಲ್ಲೂಕಿನಲ್ಲಿಲ್ಲ! ಸಿಟ್ಟು ಎಂದರೆ ಏನೆಂದೇ ಗೊತ್ತಿಲ್ಲ. ಹುಟ್ಟಿದಾಗಿನಿಂದ ಒಂದು ನೆಗಡಿ ಬಂದಿಲ್ಲ. ನಕ್ಕರೆ ಸದ್ದು ಬರುವುದಿಲ್ಲ, ನಡೆದರೆ ಸದ್ದು ಬರುವುದಿಲ್ಲ!"

ನಂಜಪ್ಪನವರ ಹೆಂಡತಿ ಮಾಯಮ್ಮ ಒಳಗಿನಿಂದ ಬಂದು, "ಯಾಕೆ, ಮೂಗಿಯಾ?" ಎಂದರು.

"ಅಯ್ಯೋ, ಅಲ್ಲಮ್ಮ! ಮಾತು ಮುತ್ತಿನಂತೆ!"

ನಂಜಪ್ಪ ಎಲೆಗೆ ಸುಣ್ಣ ಸವರುತ್ತಾ, "ಮೊನ್ನೆ ಕೇಳ್ದಾಗ ಗೊತ್ತೇ ಇಲ್ಲ ಅಂದ್ರಿ. ಇವತ್ತು ಮೂರ್ ಬಸ್ ಅತ್ತಿ ಬಂದ್ ಒಗಳ್ತಾ ಇದ್ದೀರಿ. ಶಿವಣ್ಣೋರು ಕಳ್ಸುದ್ರಾ?" ಎಂದರು.

"ಇಲ್ಲವೇ ಇಲ್ಲ! ನಾನು ಬಂದಿರುವುದೇ ಅವರಿಗೆ ಗೊತ್ತಿಲ್ಲ!"

"ಮೊನ್ನೆ ಅವ್ರು ನಿಮ್ಗೆ ಗೊತ್ತಿರ್ಲಿಲ್ಲ. ಇವತ್ತು ನೀವು ಅವ್ರ್ಗೆ ಗೊತ್ತಿಲ್ಲ. ಬೋ ಚೆನ್ನಾಗದೆ! ಪ್ಯಾಟೆ ಬಸ್ಸು ಈಗ ಬತ್ತದೆ, ಒಂಟ್ಬುಡಿ."

ಕಾಫಿ ಇರಲಿ, ಈ ಸಲ ನೀರೂ ಸಿಗಲಿಲ್ಲ. ಜೋಲುಮುಖ ಹೊತ್ತು ಮನೆಗೆ ಬಂದು ನಡೆದದ್ದೆಲ್ಲ ಒಪ್ಪಿಸಿದೆ. ಚಲುವಮ್ಮ ಬಯ್ಯಲಿಲ್ಲ. ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ಮರುದಿನ ದೊಡ್ಡತಾಯಮ್ಮನನ್ನು ಕರೆದುಕೊಂಡು ತಾನೇ ಗೋವಿಂದನಹಳ್ಳಿಗೆ ಹೋದಳು.

ಸಂಜೆ ಇಬ್ಬರೂ ಬಂದರು, ಮಡಿಲಲ್ಲಿ ಎಲೆ ಅಡಿಕೆ, ಬಾಯ್ತುಂಬ ನಗು! ಸಂಬಂಧ ಕುದುರಿತ್ತು. ಮುಂದಿನ ಭಾನುವಾರ ಬಂದು ಹೆಣ್ಣು ನೋಡಿ, ಒಪ್ಪಿಗೆಯಾದರೆ ಅವತ್ತೇ ವೀಳ್ಯದ ಶಾಸ್ತ್ರ ಮುಗಿಸುತ್ತಾರಂತೆ.

"ಏನು ಹೇಳಿದೆ?" ಎಂದೆ.

"ಏಳೋದೇನು? ನೀವೇ ಎಲ್ಲಾನೂ ಮಾಡಿಟ್ ಬಂದಿದ್ರಲ್ಲ" ಎಂದು ಒಳಗೆ ಹೋದಳು.

ಕೇಳಬೇಕೆ! ನನ್ನ ಹೊಗಳಿಕೆ ರಾತ್ರಿಯಿಡೀ ಅವರ ಮನಸ್ಸಿನಲ್ಲಿ ಕೆಲಸ ಮಾಡಿದೆ ಎಂದು ತೀರ್ಮಾನಿಸಿದೆ. ಡೈರಿಯ ಮುಂದೆ, ಬಸ್ ಸ್ಟಾಪಿನಲ್ಲಿ, ಸಿಕ್ಕಸಿಕ್ಕವರಿಗೆಲ್ಲ ನನ್ನ ಗೋವಿಂದನಹಳ್ಳಿ ದಂಡಯಾತ್ರೆಯನ್ನು ವರ್ಣಿಸಿದೆ. ಎಲ್ಲರೂ ಬಹಳ ಪ್ರೀತಿಯಿಂದ ತಲೆಯಾಡಿಸಿದರು. ಶಿವಣ್ಣನಂತೂ, "ಒಳ್ಳೇದಾಯ್ತು ಬಾವ, ಬಿಸ್ಲಲ್ಲಿ ಜಾಸ್ತಿ ತಿರುಗ್ಬೇಡಿ" ಎಂದ.

ಭಾನುವಾರ ಶಿವಣ್ಣನ ಮನೆಯ ಮುಂದೆ ಚಪ್ಪರ. ನಾನು ಇಸ್ತ್ರಿ ಪಂಚೆ ಉಟ್ಟು, ಸನ್ಮಾನಕ್ಕೆ ಹೊರಟವನ ಗತ್ತಿನಲ್ಲಿ ಹೋದೆ. ಹುಡುಗಿ ಒಪ್ಪಿಗೆಯಾಗಿತ್ತು, ತಾಂಬೂಲದ ತಟ್ಟೆ ಬದಲಾಯಿಸುವುದೊಂದು ಬಾಕಿ. ಗಂಡಿನ ಕಡೆಯವರು ನನ್ನನ್ನು ಕಂಡದ್ದೇ ತಡ, ಇಬ್ಬರು ಎದ್ದು ಬಂದು ಎರಡು ರಟ್ಟೆ ಹಿಡಿದು ಜೋಪಾನವಾಗಿ ಚಾಪೆಯ ಮೇಲೆ ಕೂರಿಸಿದರು. ಏನು ಮರ್ಯಾದೆ! ಮಾಯಮ್ಮ ಹತ್ತಿರ ಬಂದು, ಕಿವುಡರಿಗೆ ಹೇಳುವಂತೆ, "ಊಟ… ಮಾಡುದ್ರಾ?" ಎಂದರು. ನಂಜಪ್ಪ ನನ್ನ ಬೆನ್ನು ಸವರಿ, "ನಾಗಮಂಗಲದ ತಾವ ಒಬ್ರು ಪಂಡಿತ್ರು ಅವ್ರೆ. ತಲೆಗೆ ತಂಪು ಎಣ್ಣೆ ಕೊಡ್ತಾರೆ. ಎದ್ರುಕೋಬೇಡಿ, ವಾಸಿಯಾಯ್ತದೆ" ಎಂದರು.

ಪಕ್ಕದಲ್ಲಿದ್ದ ಚಲುವಮ್ಮನ ಸೆರಗು ಎಳೆದೆ.

"ಏನು ಹೇಳಿದೆ ಇವರಿಗೆ?"

ಅವಳು ತುಟಿ ಅಲುಗಿಸದೆ ಪಿಸುಗುಟ್ಟಿದಳು. "ರಿಟೈರಾದ್ಮೇಲೆ ನಮ್ಮೆಜಮಾನ್ರಿಗೆ ತಲೆ ಒಸಿ ಎಚ್ಚುಕಮ್ಮಿ ಅಂದೆ. ಒಂದಿನ ಯಾರೂ ಗೊತ್ತಿಲ್ಲ ಅಂತಾರೆ, ಇನ್ನೊಂದಿನ ಯಾರ್ನ್ ಬೇಕಾದ್ರೂ ಒಗಳ್ತಾರೆ ಅಂದೆ. ನೀವು ಒಂದಿನ ಮುಂಚೆ ಓಗಿದ್ದೇ ಒಳ್ಳೇದಾಯ್ತು. ಇಲ್ದಿದ್ರೆ ನಂಬ್ತಿರ್ಲಿಲ್ಲ!"

"ನನಗೆ ಹುಚ್ಚೇ! ಹುಚ್ಚರಿರುವ ಬಳಗದಲ್ಲಿ ಹೆಣ್ಣು ಕೇಳುತ್ತಾರೆಯೇ?"

"ಅದ್ನ ದೊಡ್ಡತಾಯಮ್ಮ ಸರಿ ಮಾಡುದ್ರು. ನಮ್ಮಳಿಯಂದ್ರು ನಾಗಮಂಗಲದ ಕಡೆಯೋರು, ನಮ್ ವಂಸದ್ ರಕ್ತ ಅಲ್ಲ ಅಂದ್ರು."

ನನ್ನ ರಕ್ತ ಮಾತ್ರ ಕುದಿಯಿತು. ಎಕ್ಸ್‌ಚೇಂಜಿನಲ್ಲಿ ಒಂದೇ ಒಂದು ತಪ್ಪು ಕನೆಕ್ಷನ್ ಕೊಡದ ಈ ತಲೆಗೆ ನಾಗಮಂಗಲದ ಎಣ್ಣೆಯೇ! ಎದ್ದು ನಿಂತೆ. ನನಗೇನೂ ಆಗಿಲ್ಲ, ನಾನು ಪೂರ್ತಿ ಸರಿಯಾಗಿದ್ದೇನೆ ಎಂದು ಸಭೆಯಲ್ಲಿ ಸಾರಿಬಿಡಬೇಕು! ತಟ್ಟೆ ಎತ್ತಿದ ಶಿವಣ್ಣನ ಕೈ ಹಾಗೇ ನಿಂತಿತು. ಒಳಬಾಗಿಲಲ್ಲಿ ಹಸಿರು ಸೀರೆ ಉಟ್ಟ ರಂಜಿತ ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಸರಿಯಾಗಿದ್ದರೆ ಮೊನ್ನೆಯ ನನ್ನ ಮೌನವೂ ಸರಿ. ಆ ಮೌನ ಸರಿಯಾದರೆ ಈ ಮಗುವಿನ ಗತಿ?

"ಏನ್ ಬೇಕಿತ್ತು ಯಜಮಾನ್ರೇ?" ಎಂದರು ನಂಜಪ್ಪ.

ನಾನು ಚಪ್ಪರವನ್ನೊಮ್ಮೆ, ಜನರನ್ನೊಮ್ಮೆ ನೋಡಿದೆ. ಪಂಚೆ ಸರಿಮಾಡಿಕೊಂಡೆ.

"ಇದು ಯಾರ ಮನೆ?" ಎಂದೆ.

ಸಭೆಯಲ್ಲಿ 'ಅಯ್ಯೋ ಪಾಪ' ಎಂಬ ಸದ್ದು ಎದ್ದಿತು. ತಟ್ಟೆ ಕೈಯಿಂದ ಕೈಗೆ ದಾಟಿತು. ರಂಜಿತ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಓಡಿದಳು. ಅತ್ತಳೋ ನಕ್ಕಳೋ ಕಾಣಲಿಲ್ಲ. ನಂಜಪ್ಪನವರು ಹತ್ತಿರ ಬಂದರು. ನನ್ನ ಗಲ್ಲ ಹಿಡಿದು ಚಲುವಮ್ಮನ ಕಡೆ ತಿರುಗಿಸಿದರು.

"ಇವ್ರು ಯಾರು ಅಂತಾನಾದ್ರೂ ಗೊತ್ತಾಯ್ತದಾ?"

ನಾನು ನನ್ನ ಧರ್ಮಪತ್ನಿಯನ್ನು ಚೆನ್ನಾಗಿ ನೋಡಿದೆ.

"ಮೂವತ್ತೈದು ವರ್ಷ ಜೊತೆಗಿದ್ದರೂ ಗೊತ್ತಾಗಿರಲಿಲ್ಲ. ಇವತ್ತು ಗೊತ್ತಾಯಿತು" ಎಂದೆ.

ನಂಜಪ್ಪ ಬೀಗರ ಕಡೆ ತಿರುಗಿ ಸಮಾಧಾನದ ನಿಟ್ಟುಸಿರು ಬಿಟ್ಟರು. "ಚಿಂತೆ ಮಾಡ್ಬೇಡಿ. ನಡುನಡುವೆ ಸರ್ಯಾಗೇ ಮಾತಾಡ್ತಾರೆ!"